ಚಿತ್ರಕಥೆ ಬಿಡಿಸುವ ಮಕ್ಕಳ ಕೈಗೆ ಯಾವ ಪೆನ್ನು?

ಕಳೆದ ಬೇಸಿಗೆ ರಜೆಯಲ್ಲಿ ತಂಗಿಯ ಮನೆಗೆಂದು ತೆಲಂಗಾಣದ ಶಾಂತಿನಗರಕ್ಕೆ ಹೋಗಿದ್ದೆ. ಗದ್ವಾಲ ಜಿಲ್ಲೆಯ ಈ ಊರಿನ ಹೆಸರನ್ನು ನಮ್ಮ ಓದುಗರಲ್ಲಿ ಬಹುಮಂದಿ ಕೇಳಿರಲಾರರು. ಭಾವ ಮಖ್ತಲ್ ಕಡೆಯವರು. ಹತ್ತಿ ಬೀಜದ ವ್ಯಾಪಾರಕ್ಕಾಗಿ ಅಲ್ಲಿಗೆ ಬಂದು ನೆಲೆಸಿದ್ದಾರೆ. ನಾರಾಯಣಪೇಟೆ, ಮಖ್ತಲ್, ಕೃಷ್ಣಾ ಕಡೆಗಳಲ್ಲಿ ಕನ್ನಡದ ಮನೆಗಳು ಸಾಕಷ್ಟಿವೆ. ಕೃಷ್ಣಾ ಮಂಡಲದಲ್ಲಿ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳೂ ಇವೆ. ತಂಗಿಯ ಮಗಳಿಗೆ ಮಾತ್ರ ಆ ಯೋಗವಿಲ್ಲ. ಎಂಟನೆಯ ತರಗತಿಯ ಆ ಹುಡುಗಿ ಓದುವುದು ಇಂಗ್ಲಿಷ್ ಮಾಧ್ಯಮದಲ್ಲಿ, ಬೀದಿಯಲ್ಲಿ ಆಡುವುದು ತೆಲುಗು, ಮನೆಯಲ್ಲಿ ಆಡುವುದು ಕನ್ನಡ. ನಮ್ಮ ಕಾಸರಗೋಡಿನ ಮನೆಗಳ ಸ್ಥಿತಿಯೇ ಬೇರೆ ವೇಷದಲ್ಲಿ ಅಲ್ಲಿದೆ ಎನ್ನಬಹುದು.

ಆಕೆ ಮೂರು ನೋಟುಪುಸ್ತಕ ತುಂಬ ಚಿತ್ರಕಥೆ ಬಿಡಿಸಿಟ್ಟಿದ್ದಾಳೆ. ದೊಡ್ಡ ಕಣ್ಣು, ಮುಳ್ಳಿನಂತೆ ಎದ್ದು ನಿಂತ ಕೂದಲು, ಓಡುವವನ ಹಿಂದೆ ನೂರಾರು ಗೆರೆ — ಮಾಂಗಾ ಎಂಬ ಜಪಾನೀ ಚಿತ್ರಕಥೆಯ ಧಾಟಿ. ಅದರಲ್ಲಿ ಆಶ್ಚರ್ಯವಿಲ್ಲ, ನಮ್ಮ ಶಾಲೆಯಲ್ಲೂ ಪುಸ್ತಕದ ಹಿಂಬದಿಯ ಹಾಳೆಗಳಲ್ಲಿ ಇದೇ ಕಣ್ಣುಗಳು ನನ್ನನ್ನು ನೋಡುತ್ತಿರುತ್ತವೆ. ಆಶ್ಚರ್ಯವೆಂದರೆ ಮಾತಿನ ಗುಳ್ಳೆಗಳ ಒಳಗಿದ್ದದ್ದು ಕನ್ನಡ ಅಕ್ಷರಗಳು! ಶಾಲೆಯಲ್ಲಿ ಕಲಿಯದ ಲಿಪಿಯನ್ನು ಈ ಹುಡುಗಿ ತನ್ನ ಅಜ್ಜಿಯಿಂದ ಕೇಳಿ ಕಲಿತಿದ್ದಾಳೆ. ಅಜ್ಜಿ ರಾಯಚೂರಿನಲ್ಲಿ ಏಳನೆಯ ತರಗತಿಯ ತನಕ ಓದಿದವರು. ಕಥೆಗಳಿಗೆ ಇರುವ ಏಕಮಾತ್ರ ಓದುಗರೂ ಅವರೇ. ಅವರಿಗೆ ಇಂಗ್ಲಿಷ್ ಬಾರದು, ತೆಲುಗು ಓದಲು ಬಾರದು. ಆದುದರಿಂದ ಕನ್ನಡವೇ ಗತಿ.

ಮೊದಲ ಕಥೆಯಲ್ಲೇ ಒಂದು ತಮಾಷೆ ನಡೆಯಿತಂತೆ. ಜಪಾನೀಯರು ಪುಟವನ್ನು ಬಲದಿಂದ ಎಡಕ್ಕೆ ಓದುತ್ತಾರೆ. ಹುಡುಗಿಯೂ ಅದೇ ಕ್ರಮದಲ್ಲಿ ಚೌಕಗಳನ್ನು ಜೋಡಿಸಿದ್ದಾಳೆ. ಅಜ್ಜಿ ಎಡದಿಂದ ಓದಿದರು. ಮೊದಲ ಚೌಕದಲ್ಲಿ ರಾಕ್ಷಸ ಸತ್ತ, ಎರಡನೆಯದರಲ್ಲಿ ಎದ್ದು ಜಗಳಕ್ಕೆ ನಿಂತ, ಮೂರನೆಯದರಲ್ಲಿ ಬಾಗಿಲು ತಟ್ಟಿ ಬಂದ! “ಇದೇನ ಕಥಿ ತಾಯಿ, ಸತ್ತವ ಬಾಗಿಲ ಬಡೀತಾನ?” ಎಂದರಂತೆ. ಅಂದಿನಿಂದ ಆಕೆಯ ಕಥೆಗಳು ಎಡದಿಂದ ಬಲಕ್ಕೆ ಸಾಗುತ್ತಿವೆ.

ಇಷ್ಟನ್ನು ಪೀಠಿಕೆಯಾಗಿ ಹೇಳಿದ್ದು ಒಂದು ತಪ್ಪೊಪ್ಪಿಗೆಗಾಗಿ. ಮೂರು ವರ್ಷಗಳ ಹಿಂದೆ ನಮ್ಮ ಒಂಬತ್ತನೆಯ ತರಗತಿಯ ಒಬ್ಬ ಹುಡುಗನ ಕೈಯಿಂದ ಇಂಥದೇ ಒಂದು ಪುಸ್ತಕವನ್ನು, ಪಾಠದ ನಡುವೆ ಬಿಡಿಸುತ್ತಿದ್ದನೆಂಬ ಕಾರಣಕ್ಕೆ, ನಾನೇ ಕಿತ್ತುಕೊಂಡು ಕಪಾಟಿನಲ್ಲಿಟ್ಟೆ. “ಜಪಾನಿನ ಗೊಂಬೆ ಬಿಡಿಸಿ ಎಸ್ಸೆಸ್ಸೆಲ್ಸಿ ಪಾಸಾಗಲಿಕ್ಕಿದೆಯೋ?” ಎಂದು ನಾಲ್ಕು ಜನರೆದುರು ಹೇಳಿಯೂ ಬಿಟ್ಟೆ. ಹಿಂದಿರುಗಿಸುವ ನೆನಪು ನನಗಾಗಲಿಲ್ಲ, ಕೇಳುವ ಧೈರ್ಯ ಅವನಿಗಾಗಲಿಲ್ಲ. ಮುಂದಿನ ವರ್ಷ ಅವನು ಬೇರೆ ಶಾಲೆಗೆ, ಬೇರೆ ಮಾಧ್ಯಮಕ್ಕೆ ಹೋದ. ಇದರಿಂದಲೇ ಹೋದನೆಂದು ಹೇಳುವಷ್ಟು ಅಹಂಕಾರ ನನಗಿಲ್ಲ. ಆದರೆ ಇದ್ದುಕೊಳ್ಳಲು ಒಂದು ಕಾರಣವನ್ನಂತೂ ನಾನು ಕೊಡಲಿಲ್ಲ.

ಶಾಂತಿನಗರದಿಂದ ಬಂದವನೇ ಆ ಪುಸ್ತಕವನ್ನು ತೆಗೆದು ನೋಡಿದೆ. ಗೆರೆಯಲ್ಲಿ ಜೀವವಿದೆ, ಆದರೆ ಎಲ್ಲವೂ ಬಾಲ್‌ಪೆನ್ನಿನದು. ಒತ್ತಿದರೂ ಅಷ್ಟೇ ದಪ್ಪ, ಹಗುರ ಹಿಡಿದರೂ ಅಷ್ಟೇ ದಪ್ಪ. ಅಲ್ಲಲ್ಲಿ ಮಸಿ ಉಂಡೆಗಟ್ಟಿದೆ, ಹಾಳೆಯ ಬೆನ್ನಿಗೆ ಗೀರು ಬಿದ್ದಿದೆ. ಯಾರಾದರೂ ಒಬ್ಬರು ಅವನಿಗೆ ಪೆನ್ನಿನ ವಿಷಯ ಹೇಳಿಕೊಡಬೇಕಾಗಿತ್ತು. ಆ ಯಾರಾದರೂ ಒಬ್ಬರು ನಾನೇ ಆಗಬಹುದಾಗಿತ್ತು, ಏಕೆಂದರೆ ಟಿ.ಸಿ.ಎಚ್. ತರಬೇತಿಯ ಕಾಲದಲ್ಲಿ ಪಾಠೋಪಕರಣಗಳನ್ನು ಮಸಿಯಲ್ಲಿ ಬಿಡಿಸಿ ಕೈ ಕಪ್ಪು ಮಾಡಿಕೊಂಡವರು ನಾವು.

ಮಸಿಯೇ ಏಕೆ, ಪೆನ್ಸಿಲು ಸಾಲದೇ ಎಂದು ಕೇಳುವವರಿದ್ದಾರೆ. ಹಿಂದೆ ಪತ್ರಿಕೆಗಳಲ್ಲಿ ರೇಖಾಚಿತ್ರ ಅಚ್ಚಾಗಬೇಕಾದರೆ ಸತುವಿನ ಬ್ಲಾಕು ಮಾಡಿಸಬೇಕಿತ್ತು. ಅಂಥ ಬ್ಲಾಕಿಗೆ ಕಪ್ಪು ಗೊತ್ತು, ಬಿಳಿ ಗೊತ್ತು, ನಡುವಿನ ಬೂದು ಗೊತ್ತಿಲ್ಲ. ಬ್ಲಾಕುಗಳು ಹೋದರೂ ಕಡಿಮೆ ಖರ್ಚಿನ ಮುದ್ರಣದಲ್ಲಿ ಆ ನ್ಯಾಯ ಹೋಗಲಿಲ್ಲ. ಮಾಂಗಾ ಬೆಳೆದದ್ದೂ ಅಗ್ಗದ ಕಾಗದದ ಮೇಲೆ, ಕಪ್ಪು ಬಿಳುಪಿನಲ್ಲಿ. ಚುಕ್ಕೆಗಳಿರುವ ತೆಳು ಹಾಳೆಯನ್ನು ಕತ್ತರಿಸಿ ಅಂಟಿಸಿ ಅವರು ನೆರಳು ತೋರಿಸುತ್ತಿದ್ದರು. ಆ ಹಾಳೆ ಇಲ್ಲದ ನಮ್ಮ ಮಕ್ಕಳು ಅಡ್ಡಗೆರೆ, ಓರೆಗೆರೆಗಳನ್ನು ಒಂದರ ಮೇಲೊಂದು ಎಳೆದು ಅದೇ ಕೆಲಸ ಮಾಡಬಹುದು.

ಜಪಾನಿನ ಚಿತ್ರಕಾರರು ಬಹುಕಾಲ ನೆಚ್ಚಿಕೊಂಡದ್ದು ಯಾವ ಮಾಯದ ಪೆನ್ನನ್ನು ಎಂದು ಕೇಳಿದರೆ ಹಿರಿಯರಿಗೆ ನಗು ಬಂದೀತು. ಅದು ಮಸಿಯಲ್ಲಿ ಅದ್ದಿ ಬರೆಯುವ ಉಕ್ಕಿನ ನಿಬ್ಬು! ನಮ್ಮ ತಂದೆಯವರ ಕಾಲದಲ್ಲಿ ಶಾಲೆಯ ಮೇಜಿನಲ್ಲಿ ಮಸಿಕುಡಿಕೆಯ ತೂತು ಇರುತ್ತಿತ್ತಲ್ಲ, ಅದೇ ಜಾತಿ. ಭಾವನ ಊರಿನ ಕಡೆ ಇದನ್ನು ಟಾಕು ಎನ್ನುತ್ತಾರೆ, ಕುಡಿಕೆಗೆ ದೌತಿ. ಜಪಾನಿನಲ್ಲಿ ಮುಖ್ಯವಾಗಿ ಮೂರು ಬಗೆ. ‘ಜಿ’ ನಿಬ್ಬು ಒತ್ತಿದರೆ ಸೀಳಿ ಅಗಲವಾಗುತ್ತದೆ, ಬಿಟ್ಟರೆ ಕೂದಲೆಳೆಯಷ್ಟು ಸಣ್ಣದಾಗುತ್ತದೆ. ಆಕೃತಿಯ ಹೊರಗೆರೆಗೆ ಇದು. ‘ಮಾರು’ ಎಂಬ ಸಣ್ಣ ದುಂಡು ನಿಬ್ಬು ಕೂದಲು, ರೆಪ್ಪೆ, ಹಿನ್ನೆಲೆಗಳಿಗೆ. ‘ಕಾಬುರಾ’ ಗಡುಸು, ಗೆರೆ ಹೆಚ್ಚು ಕಡಿಮೆ ಆಗುವುದಿಲ್ಲ. ಕೈ ಪಳಗದವರಿಗೆ ಇದೇ ಲೇಸು. ಝೀಬ್ರಾ, ನಿಕ್ಕೋ, ತಾಚಿಕಾವಾ ಎಂಬ ಕಂಪೆನಿಗಳು ಇವನ್ನು ತಯಾರಿಸುತ್ತವೆ. ಇದರಲ್ಲಿ ಪಳಗಲು ತಿಂಗಳುಗಳೇ ಬೇಕು. ನಿಬ್ಬನ್ನು ತನ್ನತ್ತ ಎಳೆಯಬೇಕೇ ಹೊರತು ಮುಂದಕ್ಕೆ ನೂಕಬಾರದು. ನೂಕಿದರೆ ಮುಳ್ಳು ಕಾಗದಕ್ಕೆ ಚುಚ್ಚಿ ಮಸಿ ಸಿಡಿಯುತ್ತದೆ. ಗೆರೆ ತಿರುಗಬೇಕಾದಲ್ಲಿ ಮಣಿಕಟ್ಟನ್ನಲ್ಲ, ಕಾಗದವನ್ನೇ ತಿರುಗಿಸಬೇಕು. ಹೊಸ ನಿಬ್ಬಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ, ಅದನ್ನು ಒರೆಸದಿದ್ದರೆ ಮಸಿ ನಿಲ್ಲುವುದೇ ಇಲ್ಲ. ಎಷ್ಟೋ ಮಕ್ಕಳು ಮೊದಲ ದಿನವೇ “ನಿಬ್ಬು ಹಾಳು” ಎಂದು ಎಸೆಯುವುದು ಇದರಿಂದಾಗಿಯೇ.

ಆದರೆ ಮೊದಲ ದಿನವೇ ನಿಬ್ಬು ಕೊಡಿಸಿರೆಂದು ಯಾವ ತಂದೆತಾಯಿಗೂ ನಾನು ಹೇಳಲಾರೆ. ಹತ್ತು ರೂಪಾಯಿಯ ಕಪ್ಪು ಜೆಲ್ ಪೆನ್ನಿನಿಂದ ತೊಡಗಲಿ. ಅದರ ದೋಷವೆಂದರೆ ಬೇಗ ಒಣಗದು, ಅಂಗೈ ತಾಗಿದರೆ ಬಳಿದುಕೊಳ್ಳುತ್ತದೆ, ಎಡಗೈಯವರಿಗಂತೂ ಶಿಕ್ಷೆ. ಕೈಯಡಿಗೆ ಒಂದು ರದ್ದಿ ಕಾಗದ ಇಟ್ಟುಕೊಂಡರಾಯಿತು. ಆಸಕ್ತಿ ನಿಂತರೆ, ಅಂದರೆ ಮಳೆಗಾಲ ಕಳೆದ ಮೇಲೂ ಬಿಡಿಸುತ್ತಿದ್ದರೆ, ಸಣ್ಣ ತುದಿಯ ಪಿಗ್ಮೆಂಟ್ ಮಸಿಯ ಪೆನ್ನು ಕೊಡಿಸಬಹುದು. ಜಪಾನಿನ ಸಕುರಾ ಕಂಪೆನಿ ೧೯೮೨ರಲ್ಲಿ ಇಂಥ ಮಸಿಯನ್ನು ಹೊರತಂದಿತು; ಅದರ ಮೈಕ್ರಾನ್ ಪೆನ್ನುಗಳಲ್ಲಿ ೦೧ ಎಂದಿದ್ದರೆ ಗೆರೆ ಕಾಲು ಮಿಲಿಮೀಟರ್, ೦೫ ಎಂದಿದ್ದರೆ ಅರ್ಧ ಮಿಲಿಮೀಟರಿಗೂ ತುಸು ಕಡಿಮೆ. ನೀರು ಬಿದ್ದರೂ ಈ ಮಸಿ ಹರಡುವುದಿಲ್ಲ. ಬೆಲೆ ಹೆಚ್ಚು. ಎಂಟು ಪೆನ್ನುಗಳ ಪೆಟ್ಟಿಗೆ ಕೊಳ್ಳುವುದು ದುಂದು. ಮುಖಕ್ಕೊಂದು, ಚೌಕಕ್ಕೊಂದು, ಎರಡೇ ಸಾಕು. ದೊಡ್ಡ ಕಪ್ಪುಭಾಗ ತುಂಬಲು ಪೆನ್ನನ್ನು ಸವೆಸುವ ಬದಲು ಮೂರು ನಂಬರಿನ ಕುಂಚ, ಕ್ಯಾಮೆಲ್ ಡ್ರಾಯಿಂಗ್ ಇಂಕು ಬಳಸಲಿ. (ಒಂಟೆ ಗುರುತಿನ ಈ ಮಸಿಯ ಕ್ಯಾಮ್ಲಿನ್ ಕಂಪೆನಿ ೨೦೧೧ರಲ್ಲಿ ಜಪಾನಿನ ಕೊಕುಯೋ ಕೈಸೇರಿತು. ಜಪಾನು ನಮ್ಮ ಶಾಲೆಯ ಕಂಪಾಸು ಪೆಟ್ಟಿಗೆಯೊಳಗೇ ಬಂದು ಕುಳಿತಿರುವಾಗ ಗೊಂಬೆಗೆ ಮಾತ್ರ ತಗಾದೆ ಏಕೆ!) ಈ ಇಂಕನ್ನು ಫೌಂಟನ್ ಪೆನ್ನಿಗೆ ಮಾತ್ರ ತುಂಬಲೇಬಾರದು. ಒಳಗೇ ಒಣಗಿ ಪೆನ್ನು ಕಲ್ಲಾಗುತ್ತದೆ. ನನ್ನದೊಂದು ಹೀರೋ ಪೆನ್ನು ಹೀಗೆಯೇ ಸ್ವರ್ಗಸ್ಥವಾಯಿತು.

ಕಾಗದದ ವಿಷಯದಲ್ಲಿ ಜಿಪುಣತನ ಸಲ್ಲದು. ನೋಟುಪುಸ್ತಕದ ಹಾಳೆ ಮಸಿಯನ್ನು ಕುಡಿದು ಗೆರೆಗೆ ಮೀಸೆ ಬರಿಸುತ್ತದೆ. ಪೇಟೆಯ ಅಂಗಡಿಯಲ್ಲಿ ಐವರಿ ಶೀಟ್ ಎಂದು ಕೇಳಿದರೆ ನುಣುಪಾದ ದಪ್ಪ ಹಾಳೆ ಕೊಡುತ್ತಾರೆ. ಇಲ್ಲಿ ನಮ್ಮ ಜಿಲ್ಲೆಯದೇ ಒಂದು ತೊಡಕಿದೆ. ಆಟಿ ತಿಂಗಳಲ್ಲಿ ಹಪ್ಪಳ ಮೆತ್ತಗಾಗುವಂತೆ ಕಾಗದವೂ ಮೆತ್ತಗಾಗುತ್ತದೆ, ಮಸಿ ಒಣಗಲು ತಾಸು ಹಿಡಿಯುತ್ತದೆ. ಅವಸರದಿಂದ ರಬ್ಬರು ಉಜ್ಜಿದರೆ ಕಥಾನಾಯಕನ ಮುಖ ಮಸಿಬಟ್ಟೆ. ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು. ಶಾಂತಿನಗರದ ಕಷ್ಟ ನೇರ ವಿರುದ್ಧ. ಅಲ್ಲಿನ ಬಿಸಿಲಿಗೆ ಮಸಿ ನಿಬ್ಬಿನ ಮೇಲೆಯೇ ಒಣಗುತ್ತದೆ, ಹತ್ತು ಗೆರೆಗೊಮ್ಮೆ ತೊಳೆದು ಒರೆಸಬೇಕು. ತಂಗಿಯ ಮಗಳು ಬೆಳಗ್ಗೆ ಆರಕ್ಕೆ ಎದ್ದು ಬಿಡಿಸುವುದು ಇದಕ್ಕಾಗಿಯಂತೆ. ಪರೀಕ್ಷೆಗೆ ಹಾಗೆ ಎದ್ದದ್ದನ್ನು ತಾನು ಕಂಡಿಲ್ಲ ಎನ್ನುತ್ತಾಳೆ ನನ್ನ ತಂಗಿ.

ಅಡ್ಡಪಟ್ಟಿ ಇಟ್ಟು ಗೆರೆ ಎಳೆಯುವಾಗ ಮಸಿ ಪಟ್ಟಿಯಡಿಗೆ ನುಗ್ಗುವುದುಂಟು. ಪಟ್ಟಿಯ ಕೆಳಮೈಗೆ ಒಂದೆರಡು ನಾಣ್ಯ ಅಂಟಿಸಿದರೆ ಅಂಚು ಮೇಲೆದ್ದು ನಿಲ್ಲುತ್ತದೆ. ಓಟದ ರಭಸ ತೋರಿಸುವ ಗೆರೆಗಳು ಒಂದೇ ಬಿಂದುವಿನತ್ತ ಓಡಬೇಕಾದರೆ ಅಲ್ಲಿ ಗುಂಡುಸೂಜಿ ಚುಚ್ಚಿ ಪಟ್ಟಿಯನ್ನು ಅದಕ್ಕೆ ತಾಗಿಸಿ ತಿರುಗಿಸುತ್ತ ಹೋದರಾಯಿತು.

ಇವೆಲ್ಲ ಯಾವ ಭಾಷೆಯ ಹುಡುಗನಿಗೂ ಒಂದೇ. ಕನ್ನಡದ ಹುಡುಗನಿಗೆ ಮಾತ್ರ ಬರುವ ಕಷ್ಟ ಬೇರೊಂದಿದೆ. ತಂಗಿಯ ಮಗಳು ನನ್ನಲ್ಲಿ ಕೇಳಿದ ಮೊದಲ ಪ್ರಶ್ನೆಯೇ ಅದು: “ಮಾಮ, ಒತ್ತಕ್ಷರಕ್ಕ ಜಾಗ ಸಾಲವಲ್ದು, ಏನ್ ಮಾಡ್ಲಿ?” ಜಪಾನೀಯರು ಮೇಲಿನಿಂದ ಕೆಳಕ್ಕೆ ಬರೆಯುವುದರಿಂದ ಅವರ ಗುಳ್ಳೆ ಉದ್ದಕ್ಕೆ, ಕಿರಿದಾಗಿ ಇರುತ್ತದೆ. ಅದನ್ನೇ ನಕಲು ಮಾಡಿ ಒಳಗೆ ‘ಹೋಗಬೇಕಾಗಿತ್ತು’ ಎಂದು ಬರೆಯಹೊರಟರೆ ಪದ ಮೂರು ತುಂಡು. ನಮ್ಮ ಪದ ಉದ್ದ, ಮೇಲೆ ಗುಡಿಸು, ಕೆಳಗೆ ಒತ್ತು. ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಸಿಕ್ಕಿಬೀಳುತ್ತದೆ. ನಾನು ಹೇಳಿದ ಉಪಾಯ ಇಷ್ಟೇ: ಮೊದಲು ಮಾತು ಬರೆ, ಆಮೇಲೆ ಸುತ್ತ ಗುಳ್ಳೆ ಎಳೆ, ಉಳಿದ ಜಾಗದಲ್ಲಿ ಮನುಷ್ಯನನ್ನು ನಿಲ್ಲಿಸು. ಅಕ್ಷರಕ್ಕೆ ಗೆರೆ ಹಿಗ್ಗದ ಪೆನ್ನೇ ಇರಲಿ, ನಿಬ್ಬು ಬೇಡ. ಸಣ್ಣ ಒತ್ತಿನ ಹೊಟ್ಟೆಯಲ್ಲಿ ಮಸಿ ತುಂಬಿಕೊಂಡರೆ ಅಜ್ಜಿಯ ಕನ್ನಡಕಕ್ಕೂ ತಿಳಿಯದು.

ಕಷ್ಟದ ಜೊತೆಗೆ ಒಂದು ಭಾಗ್ಯವೂ ಇದೆ. ಮಾಂಗಾದ ಪುಟಗಳಲ್ಲಿ ಅರ್ಧದಷ್ಟು ಸದ್ದೇ. ಜಪಾನೀ ಭಾಷೆಯಲ್ಲಿ ಅನುಕರಣ ಶಬ್ದಗಳು ಹೇರಳ. ಕನ್ನಡದಲ್ಲೇನು ಕಡಿಮೆಯೇ? ಮಳೆ ಜಿಟಿಜಿಟಿ, ಧೋ ಧೋ, ಬಾಗಿಲು ಕಿರ್ರ್, ಧಡಾರ್, ಹೊಟ್ಟೆ ಚುರುಚುರು, ಕಣ್ಣು ಪಿಳಿಪಿಳಿ. ಇಂಗ್ಲಿಷಿನಿಂದ ಸಾಲ ತಂದು ‘ಬೂಮ್’, ‘ಕ್ರ್ಯಾಶ್’ ಬರೆಯುವ ಮಕ್ಕಳಿಗೆ ವ್ಯಾಕರಣ ಪಾಠದ ಅನುಕರಣಾವ್ಯಯ ಎಂತಹ ಬಂಡವಾಳವೆಂದು ನಾವು ಹೇಳಿಕೊಟ್ಟಿಲ್ಲ. ಅದನ್ನು ಅಂಕಕ್ಕಾಗಿ ಉರುಹೊಡೆಸಿದವರಲ್ಲಿ ನಾನೂ ಒಬ್ಬ.

ಇದೆಲ್ಲ ವಿದೇಶೀ ಹುಚ್ಚು, ನಮ್ಮ ಸಂಸ್ಕೃತಿಯಲ್ಲ ಎನ್ನುವ ಹಿರಿಯರಿಗೆ ಎರಡು ಮಾತು. ಅಮರ ಚಿತ್ರಕಥೆ ಮಾಲಿಕೆಯ ಮೊದಲ ಹತ್ತು ಪುಸ್ತಕಗಳು ೧೯೬೫ರ ಸುಮಾರಿಗೆ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಆಸಕ್ತಿಯಿಂದ ಹೊರಬಂದದ್ದು ಕನ್ನಡದಲ್ಲಿ. ಆ ಹತ್ತೂ ಪಾಶ್ಚಾತ್ಯ ಕಥೆಗಳು! ಕೃಷ್ಣ ಬಂದದ್ದು ಹನ್ನೊಂದನೆಯವನಾಗಿ. ಇನ್ನೊಂದು, ಮಾಂಗಾದ ಮಹಾಪುರುಷನೆನಿಸಿದ ಒಸಾಮು ತೆಜುಕಾ ವೈದ್ಯವಿದ್ಯೆ ಕಲಿತವರು. ಅವರು ೧೯೭೨ರಿಂದ ೧೯೮೩ರ ತನಕ ಚಿತ್ರಕಥೆಯಾಗಿ ಬಿಡಿಸಿದ್ದು ನಮ್ಮ ಬುದ್ಧನ ಜೀವನವನ್ನು. ಅವರು ನಮ್ಮ ಕಥೆಯನ್ನು ತಮ್ಮ ಗೆರೆಯಲ್ಲಿ ಹೇಳಬಹುದಾದರೆ ಅವರ ಗೆರೆಯಲ್ಲಿ ನಮ್ಮ ಮಕ್ಕಳು ಕನ್ನಡ ಆಡಬಾರದೇ? ಮೈಸೂರಿನ ಆರ್.ಕೆ. ಲಕ್ಷ್ಮಣರು ಎಳೆಯ ಪ್ರಾಯದಲ್ಲಿ ಕುಂಚ ಪಳಗಿಸಿಕೊಂಡದ್ದು ರಾಶಿಯವರ ಕನ್ನಡ ಹಾಸ್ಯ ಮಾಸಿಕ ‘ಕೊರವಂಜಿ’ಯ ಪುಟಗಳಲ್ಲೂ ಹೌದು. ಒಂದು ಸಣ್ಣ ಪತ್ರಿಕೆ ಜಾಗ ಕೊಟ್ಟಿತ್ತು. ಮಲಯಾಳದಲ್ಲಿ ಜಿ. ಅರವಿಂದನ್ ಅವರಿಗೆ ೧೯೬೧ರಿಂದ ೧೯೭೩ರ ತನಕ ಮಾತೃಭೂಮಿ ವಾರಪತ್ರಿಕೆ ಜಾಗ ಕೊಟ್ಟಿತ್ತು. ನಾವು ಓದಿ ಬೆಳೆದ ಚಂದಮಾಮ, ಬಾಲಮಂಗಳಗಳನ್ನು ನಮ್ಮ ಮಕ್ಕಳು ಕಂಡಿಲ್ಲ. ಅವರು ಕನ್ನಡದಲ್ಲಿ ಬಿಡಿಸಿದರೂ ಯಾರಿಗೆ ತೋರಿಸಬೇಕು? ಶಾಂತಿನಗರದ ಹುಡುಗಿಗೆ ಅಜ್ಜಿಯಾದರೂ ಇದ್ದಾರೆ.

ಆದುದರಿಂದ ಸಂಪಾದಕರಲ್ಲಿ ನನ್ನ ವಿನಂತಿ: ಭಾನುವಾರ ಕಾಲು ಪುಟವನ್ನು ಮಕ್ಕಳ ಚಿತ್ರಕಥೆಗೆ ಬಿಟ್ಟುಕೊಡಬೇಕು. ಚಿತ್ರಗಳು ಐವರಿ ಹಾಳೆಯಲ್ಲಿ, ಅಚ್ಚಾಗುವುದಕ್ಕಿಂತ ಒಂದೂವರೆ ಪಾಲು ದೊಡ್ಡದಾಗಿ, ಕಪ್ಪು ಮಸಿಯಲ್ಲಿರಬೇಕೆಂಬ ನಿಯಮ ಹಾಕಲಿ. ಕುಗ್ಗಿಸಿದಾಗ ಗೆರೆಯ ಸಣ್ಣ ನಡುಕ ಮರೆಯಾಗುತ್ತದೆ. ಸಹೋದ್ಯೋಗಿಗಳಲ್ಲಿ ಕೇಳಿಕೊಳ್ಳುವುದು: ಪುಸ್ತಕ ಕಿತ್ತುಕೊಂಡರೆ ಗಂಟೆ ಬಾರಿಸಿದ ಮೇಲೆ ಹಿಂದಿರುಗಿಸಿರಿ.

ನಾನು ಹಿಂದಿರುಗಿಸಲು ಹೋದದ್ದು ಕಳೆದ ಶನಿವಾರ. ಹುಡುಗ ಈಗ ಪ್ಲಸ್ ಟು. ಪುಸ್ತಕವನ್ನು ತಿರುವಿ ನೋಡಿ ನಾಚಿಕೊಂಡ. “ಇದು ಆಗ ಬಾಲ್‌ಪೆನ್ನಲ್ಲಿ ಬಿಡಿಸಿದ್ದು ಮಾಷ್ಟ್ರೇ, ಈಗಿನದ್ದು ನೋಡಿ” ಎಂದು ಒಳಗಿನಿಂದ ಒಂದು ಕಟ್ಟು ಹಾಳೆ ತಂದ. ಗೆರೆ ಎಷ್ಟು ಪಳಗಿದೆ! ಮಳೆಯಲ್ಲಿ ಬಸ್ಸಿಗೆ ಕಾಯುವ ಹೆಂಗಸೊಬ್ಬಳ ಸೆರಗನ್ನು ಒಂದೇ ಎಳೆತದಲ್ಲಿ ತಂದಿದ್ದಾನೆ. ಗುಳ್ಳೆಗಳ ಒಳಗೆಲ್ಲ ಮಲಯಾಳ. ನಾನು ಕಾರಣ ಕೇಳಲಿಲ್ಲ. ತಂಗಿಯ ಮಗಳಿಗೆ ಕಳುಹಿಸಲೆಂದು ತರಿಸಿದ್ದ ‘ಜಿ’ ನಿಬ್ಬುಗಳಲ್ಲಿ ಎರಡನ್ನು ಅವನಿಗೆ ಕೊಟ್ಟು, ಎಣ್ಣೆ ಒರೆಸಿಕೋ ಎಂದು ಹೇಳಿ ಬಂದೆ.