ಸ್ಪಾನ್ಸರ್‌ಶಿಪ್ ಮಾರಾಟದ ಸರಕಲ್ಲ! ದುಡ್ಡು ಕೊಟ್ಟು ಕೊಳ್ಳಬೇಡಿ!

ಓದಿ, ಮನೆಯ ಹಿರಿಯರಿಗೂ ಓದಿ ಹೇಳಿ, ಬಳಿಕ ಇನ್ನೊಬ್ಬರ ಕೈಗೆ ಕೊಡಿ

ಹೊರದೇಶದ ದುಡಿಮೆಗೆ ಹೊರಟಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ನೀವು ಬ್ರಿಟನ್ನಿಗೆ ಹೋಗಬೇಕೆಂದಿರುವ ನರ್ಸ್ ಆಗಿರಬಹುದು. ಸೌದಿಗೋ ದುಬೈಗೋ ಕತಾರಿಗೋ ಹೊರಟ ವೆಲ್ಡರ್, ಎಲೆಕ್ಟ್ರೀಷಿಯನ್, ಎ.ಸಿ. ಮೆಕ್ಯಾನಿಕ್ ಆಗಿರಬಹುದು. ಅಮೆರಿಕದ ಎಚ್-1ಬಿ ವೀಸಾದ ಲಾಟರಿಗೆ ಹೆಸರು ಕೊಟ್ಟು ಕಾಯುತ್ತಿರುವ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಆಗಿರಬಹುದು. ನಿಮಗೆ ವೀಸಾ ಸಿಗಬೇಕಾದರೆ ಅಲ್ಲಿನ ಒಬ್ಬ ಮಾಲೀಕ ನಿಮ್ಮ ಹೆಸರಿನಲ್ಲಿ ಹೊಣೆ ಹೊರಬೇಕು. ಅದಕ್ಕೇ ಸ್ಪಾನ್ಸರ್‌ಶಿಪ್ ಎನ್ನುವುದು.

ಆ ಹೊಣೆಗೆ ಇವತ್ತು ಬೆಲೆ ಕಟ್ಟಿ ಮಾರುತ್ತಿದ್ದಾರೆ. ತೋಟ ಅಡವಿಟ್ಟು, ಚಿನ್ನ ಗಿರವಿ ಇಟ್ಟು, ಕೈಸಾಲ ಮಾಡಿ ನಾವು ಕೊಳ್ಳುತ್ತಿದ್ದೇವೆ. ಇದು ನಿಲ್ಲಬೇಕು. ಕೊಳ್ಳುವವರು ನಿಂತರೆ ಮಾರುವವರೂ ನಿಲ್ಲುತ್ತಾರೆ.

ಸ್ಪಾನ್ಸರ್ ಮಾಡಬೇಕಾದ್ದು ಏನು?

ಬ್ರಿಟನ್ನಿನ ವ್ಯವಸ್ಥೆಯನ್ನೇ ನೋಡಿ. ಅಲ್ಲಿ 2020ರ ಡಿಸೆಂಬರ್ 1ರಿಂದ ಸ್ಕಿಲ್ಡ್ ವರ್ಕರ್ ವೀಸಾ ಜಾರಿಯಲ್ಲಿದೆ. ಹೊರಗಿನವರನ್ನು ಕರೆಸಿಕೊಳ್ಳುವ ಕಂಪನಿ ಮೊದಲು ಹೋಮ್ ಆಫೀಸಿನಿಂದ, ಅಂದರೆ ಅಲ್ಲಿನ ಗೃಹ ಇಲಾಖೆಯಿಂದ, ಸ್ಪಾನ್ಸರ್ ಲೈಸೆನ್ಸ್ ಪಡೆಯಬೇಕು. ಆಮೇಲೆ ನಿಮ್ಮ ಹೆಸರಿಗೆ ಒಂದು ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್ ಕೊಡಬೇಕು. ಏಜೆಂಟರು 'ಸಿಒಎಸ್' ಎನ್ನುವುದು ಇದನ್ನೇ. ಹೆಸರು ಸರ್ಟಿಫಿಕೇಟ್ ಆದರೂ ಅದು ಕಂಪ್ಯೂಟರಿನಲ್ಲಿರುವ ದಾಖಲೆ, ಅದಕ್ಕೊಂದು ನಂಬರ್ ಇರುತ್ತದೆ. ಯಾವ ಕೆಲಸ, ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು ಎಂಬುದೆಲ್ಲ ಅದರಲ್ಲಿ ದಾಖಲಾಗಿರುತ್ತದೆ. ಆ ನಂಬರ್ ಹಿಡಿದು ಮೂರು ತಿಂಗಳೊಳಗೆ ನೀವು ವೀಸಾಕ್ಕೆ ಅರ್ಜಿ ಹಾಕಬೇಕು.

ಕಂಪನಿಯ ಹೊಣೆ ಅಲ್ಲಿಗೆ ಮುಗಿಯುವುದಿಲ್ಲ. ಹೇಳಿದ ಕೆಲಸವನ್ನೇ ಕೊಡಬೇಕು, ಬರೆದ ಸಂಬಳವನ್ನೇ ಕೊಡಬೇಕು. ನೀವು ಕೆಲಸಕ್ಕೆ ಬಾರದಿದ್ದರೆ ಅಥವಾ ಬಿಟ್ಟು ಹೋದರೆ 10 ಕೆಲಸದ ದಿನಗಳೊಳಗೆ ಸರ್ಕಾರಕ್ಕೆ ತಿಳಿಸಬೇಕು. ತಪ್ಪಿದರೆ ಕಂಪನಿಯ ಲೈಸೆನ್ಸ್ ಹೋಗಬಹುದು.

ಅಮೆರಿಕದಲ್ಲಿ, ಆಸ್ಟ್ರೇಲಿಯಾದಲ್ಲಿ, ಕೊಲ್ಲಿ ದೇಶಗಳಲ್ಲಿ ಕಾಗದಗಳ ಹೆಸರು ಬೇರೆ. ತಳಹದಿ ಒಂದೇ: ಕೆಲಸಗಾರ ಬೇಕಾಗಿರುವುದು ಮಾಲೀಕನಿಗೆ, ಸರ್ಕಾರದ ಮುಂದೆ ಮಾತು ಕೊಡುವವನು ಮಾಲೀಕ, ಆ ಮಾತಿಗೆ ತಗಲುವ ಖರ್ಚೂ ಮಾಲೀಕನದೇ.

ಖರ್ಚು ಯಾರದು? ಕಾನೂನೇ ಹೇಳುತ್ತದೆ

• ಬ್ರಿಟನ್: ಸಿಒಎಸ್‌ಗೆ ಕಂಪನಿ ಸರ್ಕಾರಕ್ಕೆ ಕಟ್ಟುವ ಶುಲ್ಕ 2025ರ ಏಪ್ರಿಲ್‌ನಿಂದ 525 ಪೌಂಡ್. 2024ರ ಡಿಸೆಂಬರ್ 31ರಿಂದ ಈ ಶುಲ್ಕವನ್ನಾಗಲೀ ಲೈಸೆನ್ಸ್ ಶುಲ್ಕವನ್ನಾಗಲೀ ಸ್ಕಿಲ್ಡ್ ವರ್ಕರ್‌ಗಳಿಂದ ವಸೂಲಿ ಮಾಡುವಂತಿಲ್ಲ. ನರ್ಸ್ ಕೆಲಸ ಕೊಡಿಸುವುದಕ್ಕೆ ಅಭ್ಯರ್ಥಿಯಿಂದ ಹಣ ಪಡೆಯಬಾರದೆಂದು ಅಲ್ಲಿನ ನೇಮಕಾತಿ ನೀತಿಸಂಹಿತೆ ಹೇಳುತ್ತದೆ.

• ಸೌದಿ ಅರೇಬಿಯಾ: ಅಲ್ಲಿನ ಕಾರ್ಮಿಕ ಕಾನೂನಿನ 40ನೇ ವಿಧಿಯ ಪ್ರಕಾರ ನೇಮಕಾತಿ ಶುಲ್ಕ, ಇಕಾಮ (ವಾಸದ ಪರವಾನಗಿ) ಮಾಡಿಸುವ ಮತ್ತು ನವೀಕರಿಸುವ ಶುಲ್ಕ, ವರ್ಕ್ ಪರ್ಮಿಟ್, ಕರಾರು ಮುಗಿದಾಗ ಊರಿಗೆ ಮರಳುವ ಟಿಕೆಟ್ ಎಲ್ಲವೂ ಮಾಲೀಕನ ಖರ್ಚು.

• ಯುಎಇ: 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಕಾರ್ಮಿಕ ಕಾನೂನು, ನೇಮಕಾತಿಯ ಖರ್ಚನ್ನು ನೇರವಾಗಿಯೂ ಸುತ್ತುಬಳಸಿಯೂ ಕೆಲಸಗಾರನ ತಲೆಗೆ ಕಟ್ಟಬಾರದು ಎನ್ನುತ್ತದೆ.

• ಆಸ್ಟ್ರೇಲಿಯಾ: ಸ್ಪಾನ್ಸರ್ ಮಾಡಲು ಹಣ ಕೇಳುವುದು, ಪಡೆಯುವುದು 2015ರಿಂದ ಅಪರಾಧ.

• ಭಾರತ: ನೋಂದಾಯಿತ ಏಜೆಂಟ್ ನಿಮ್ಮಿಂದ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ. ಒಟ್ಟು 35,400 ರೂಪಾಯಿ. ಅದಕ್ಕೂ ರಸೀದಿ ಕೊಡಬೇಕು.

ವೀಸಾ ಅರ್ಜಿಯ ಶುಲ್ಕ, ಇಂಗ್ಲಿಷ್ ಪರೀಕ್ಷೆ, ವೈದ್ಯಕೀಯ ತಪಾಸಣೆ ಕೆಲವು ದೇಶಗಳಿಗೆ ನಿಮ್ಮ ಖರ್ಚಾಗಬಹುದು. ಅವನ್ನು ಸರ್ಕಾರದ ಜಾಲತಾಣದಲ್ಲೋ ಪರೀಕ್ಷಾ ಕೇಂದ್ರದಲ್ಲೋ ನೀವೇ ನೇರವಾಗಿ ಕಟ್ಟಿ. ಮಧ್ಯವರ್ತಿಯ ಕೈಗೆ ನೋಟಿನ ಕಟ್ಟು ಕೊಡಬೇಡಿ.

ಕೊಂಡುಕೊಂಡ ಸ್ಪಾನ್ಸರ್‌ಶಿಪ್ ಕೊರಳಿಗೆ ಉರುಳು

ಸ್ಪಾನ್ಸರ್‌ಶಿಪ್ ನಿಮ್ಮನ್ನು ಒಬ್ಬ ಮಾಲೀಕನಿಗೆ ಕಟ್ಟುತ್ತದೆ. ಕೆಲಸ ಹೋದರೆ ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ 60 ದಿನ, ಅಮೆರಿಕದ ಎಚ್-1ಬಿಯಲ್ಲಿ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಬೇರೆ ಸ್ಪಾನ್ಸರ್ ಸಿಗಬೇಕು, ಇಲ್ಲವೇ ಬೇರೆ ವೀಸಾಕ್ಕೆ ಅರ್ಜಿ ಹಾಕಬೇಕು, ಅದೂ ಇಲ್ಲದಿದ್ದರೆ ದೇಶ ಬಿಡಬೇಕು. ಆಸ್ಟ್ರೇಲಿಯಾ 2024ರ ಜುಲೈನಿಂದ ಈ ಅವಧಿಯನ್ನು ಒಮ್ಮೆಗೆ 180 ದಿನಕ್ಕೆ ಏರಿಸಿದೆ.

ಸಾಲವಿಲ್ಲದೆ ಹೋದವರು ಮಾಲೀಕ ಮೋಸ ಮಾಡಿದರೆ ಬೇರೆ ಕೆಲಸ ಹುಡುಕಬಹುದು, ದೂರು ಕೊಡಬಹುದು, ಊರಿಗಾದರೂ ಬರಬಹುದು. ಹತ್ತು, ಹದಿನೈದು ಲಕ್ಷ ಸಾಲ ಹೊತ್ತು ಹೋದವರಿಗೆ ಈ ಮೂರೂ ಆಗುವುದಿಲ್ಲ. ಸಂಬಳ ಅರ್ಧ ಕೊಟ್ಟರೂ ಸುಮ್ಮನಿರುತ್ತಾರೆ. ಹದಿನಾಲ್ಕು ಗಂಟೆ ದುಡಿಸಿದರೂ ತಲೆ ತಗ್ಗಿಸುತ್ತಾರೆ. ಇದು ಕೆಟ್ಟ ಮಾಲೀಕನಿಗೂ ಗೊತ್ತು, ಏಜೆಂಟನಿಗೂ ಗೊತ್ತು.

ಬ್ರಿಟನ್ನಿನ ಕೇರ್ ವರ್ಕರ್‌ಗಳ ಕಥೆ ನಮ್ಮ ಕಣ್ಣು ತೆರೆಸಬೇಕು. ವಯಸ್ಸಾದವರ, ಅಂಗವಿಕಲರ ಆರೈಕೆಗೆ ಜನ ಸಾಲದೆ 2022ರ ಫೆಬ್ರವರಿಯಲ್ಲಿ ಆ ದೇಶ ಕೇರ್ ವರ್ಕರ್‌ಗಳನ್ನೂ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಸೇರಿಸಿತು. ಕೂಡಲೇ ದಲ್ಲಾಳಿಗಳು ಹುಟ್ಟಿಕೊಂಡರು. ಹೋಗಿ ಇಳಿದ ಎಷ್ಟೋ ಜನರಿಗೆ ಹೇಳಿದಷ್ಟು ಗಂಟೆಯ ಕೆಲಸವೇ ಇರಲಿಲ್ಲ, ಕೆಲವರಿಗೆ ಕೆಲಸವೇ ಇರಲಿಲ್ಲ. ಬ್ರಿಟಿಷ್ ಸರ್ಕಾರವೇ ಕೊಟ್ಟ ಲೆಕ್ಕದ ಪ್ರಕಾರ 2022ರ ಜುಲೈಯಿಂದ 2024ರ ಡಿಸೆಂಬರ್‌ವರೆಗೆ 470ಕ್ಕೂ ಹೆಚ್ಚು ಆರೈಕೆ ಸಂಸ್ಥೆಗಳ ಲೈಸೆನ್ಸ್ ರದ್ದಾಯಿತು. ಅವುಗಳ ಅಡಿಯಲ್ಲಿದ್ದ ಕೆಲಸಗಾರರು 39,000ಕ್ಕೂ ಹೆಚ್ಚು. ತಪ್ಪು ಸಂಸ್ಥೆಯದು, ಬೀದಿಗೆ ಬಿದ್ದವರು ಕೆಲಸಗಾರರು.

2025ರ ಜುಲೈ 22ರಿಂದ ಹೊರದೇಶಗಳಿಂದ ಹೊಸ ಕೇರ್ ವರ್ಕರ್‌ಗಳ ನೇಮಕವನ್ನೇ ಬ್ರಿಟನ್ ನಿಲ್ಲಿಸಿದೆ. ಅದೇ ದಿನದಿಂದ ಸ್ಕಿಲ್ಡ್ ವರ್ಕರ್ ವೀಸಾದ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡಿಗೆ ಏರಿದೆ. ನರ್ಸ್‌ಗಳಂಥ ಕೆಲವು ಹುದ್ದೆಗಳಿಗೆ ಬೇರೆ ಲೆಕ್ಕವಿದೆ. "ಕೇರರ್ ವೀಸಾ ಕೊಡಿಸ್ತೀನಿ, ಅಡ್ವಾನ್ಸ್ ಕೊಡಿ" ಎಂದು ಈಗಲೂ ಯಾರಾದರೂ ಊರಿಗೆ ಬಂದರೆ ನಂಬಬೇಡಿ. ಅದು ಹಸಿ ಸುಳ್ಳು.

ಗಲ್ಫಿಗೆ ಹೊರಟವರೇ, 'ಫ್ರೀ ವೀಸಾ' ಎಂಬ ಮಾತಿಗೆ ಮರುಳಾಗಬೇಡಿ

ಮಂಗಳೂರು, ಉಡುಪಿ, ಭಟ್ಕಳದ ಮನೆಮನೆಗೂ ಕಫೀಲ್ ಎಂದರೆ ಯಾರೆಂದು ಗೊತ್ತು: ಸ್ಪಾನ್ಸರ್ ಮಾಡುವ ಅಲ್ಲಿನ ಮಾಲೀಕ. ಕಫೀಲನ ಹಿಡಿತವನ್ನು ಕೊಲ್ಲಿ ದೇಶಗಳು ಇತ್ತೀಚೆಗೆ ಸ್ವಲ್ಪ ಸ್ವಲ್ಪ ಸಡಿಲಿಸಿವೆ. ಕತಾರ್ 2020ರಲ್ಲಿ, ಕೆಲಸ ಬದಲಿಸಲು ಹಳೆಯ ಮಾಲೀಕನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕೆಂಬ ನಿಯಮ ತೆಗೆದುಹಾಕಿತು. 2021ರ ಮಾರ್ಚ್‌ನಿಂದ ತಿಂಗಳಿಗೆ 1,000 ರಿಯಾಲ್ ಕನಿಷ್ಠ ಮೂಲವೇತನ ಗೊತ್ತುಮಾಡಿತು. ಸೌದಿ 2021ರ ಮಾರ್ಚ್ 14ರಿಂದ, ಒಂದು ವರ್ಷ ದುಡಿದವರು ಮಾಲೀಕನ ಒಪ್ಪಿಗೆ ಇಲ್ಲದೆಯೂ ಬೇರೆ ಕಡೆ ಸೇರಲು ದಾರಿ ಮಾಡಿತು. ಆದರೆ ಮನೆಗೆಲಸದವರು, ಮನೆಯ ಡ್ರೈವರ್‌ಗಳು, ತೋಟದ ಕೆಲಸದವರು ಆ ಸುಧಾರಣೆಯ ಹೊರಗೇ ಉಳಿದರು. ಕುವೈತ್‌ನಲ್ಲಿ 2025ರ ಜುಲೈ 1ರಿಂದ ಖಾಸಗಿ ಕಂಪನಿಯ ಕೆಲಸಗಾರರು ದೇಶದಿಂದ ಹೊರಗೆ ಹೋಗಲು ಮಾಲೀಕನ ಅನುಮತಿ ಬೇಕಾಗಿದೆ.

ಇಂಥಲ್ಲಿ ಫ್ರೀ ವೀಸಾ, ಆಜಾದ್ ವೀಸಾ ಎಂದು ಮಾರುವುದು ಏನನ್ನು? ಕಾಗದದಲ್ಲಿ ಒಬ್ಬ ಕಫೀಲ್ ಇರುತ್ತಾನೆ, ಅವನ ಬಳಿ ಕೆಲಸ ಇರುವುದಿಲ್ಲ. ನೀವು ಹೊರಗೆ ಎಲ್ಲೋ ದುಡಿದು ಅವನಿಗೆ ಕಪ್ಪ ಕಟ್ಟಬೇಕು. ಆ ದೇಶಗಳ ಕಾನೂನಿನ ಕಣ್ಣಿನಲ್ಲಿ ಇದು ಅಪರಾಧ. ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಜೈಲು, ಗಡೀಪಾರು. ಕಫೀಲ್ ಮುನಿಸಿಕೊಂಡು 'ಹುರೂಬ್' ಹಾಕಿಸಿದರೆ, ಅಂದರೆ ಓಡಿಹೋದವನೆಂದು ಬರೆಸಿದರೆ, ಸೌದಿಯಲ್ಲಿ ನಿಮಗೆ ನಿಲ್ಲಲು ನೆಲೆಯಿಲ್ಲ. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲೇ ಬದಲಿಸಿಕೊಳ್ಳಬಹುದು ಎನ್ನುವವರ ಮಾತನ್ನೂ ಕೇಳಬೇಡಿ. ಕರಾರು ಕೈಗೆ ಬರದೆ ವಿಮಾನ ಹತ್ತಬೇಡಿ.

ಹಣ, ಪಾಸ್‌ಪೋರ್ಟ್ ಕೊಡುವ ಮುನ್ನ ಇಷ್ಟು ಮಾಡಿ

1. ಏಜೆಂಟನ ನೋಂದಣಿ ಸಂಖ್ಯೆ ಕೇಳಿ. ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಆ ಸಂಖ್ಯೆ ಇದೆಯೇ, ಚಾಲ್ತಿಯಲ್ಲಿದೆಯೇ ನೋಡಿ. ಅಕ್ರಮ ಏಜೆಂಟರ ಪಟ್ಟಿಯೂ ಅಲ್ಲೇ ಇದೆ.

2. ಬ್ರಿಟನ್ನಿನ ಕಂಪನಿಯಾದರೆ ಅಲ್ಲಿನ ಸರ್ಕಾರ ಪ್ರಕಟಿಸುವ ಲೈಸೆನ್ಸ್‌ದಾರರ ಪಟ್ಟಿಯಲ್ಲಿ ಹೆಸರು, ಊರು, ಶ್ರೇಣಿ ಹುಡುಕಿ. ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಕೆಲಸವಿದೆ ಎಂದಲ್ಲ. ಕಂಪನಿಗೆ ನೀವೇ ನೇರವಾಗಿ ಬರೆದು ಖಚಿತಪಡಿಸಿಕೊಳ್ಳಿ.

3. ಕರಾರಿನ ಪ್ರತಿ ಕೇಳಿ ಪಡೆಯಿರಿ. ಹುದ್ದೆ, ಮೂಲವೇತನ, ಗಂಟೆ, ರಜೆ, ವಸತಿ, ಮರಳುವ ಟಿಕೆಟ್ ಬರವಣಿಗೆಯಲ್ಲಿ ಇರಲಿ. ಮಧ್ಯೆ ಕೆಲಸ ಬಿಟ್ಟರೆ ಇಷ್ಟು ಹಣ ಕಟ್ಟಬೇಕೆಂಬ ಬಾಂಡ್ ಇದ್ದರೆ ಸಹಿಗೆ ಮೊದಲು ತಿಳಿದವರಿಗೆ ತೋರಿಸಿ.

4. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ (ವಲಸೆ ಅನುಮತಿ ಬೇಕಾದ) ವರ್ಗದ್ದು. ಕೊಲ್ಲಿ ದೇಶಗಳೂ ಸೇರಿ 18 ದೇಶಗಳಿಗೆ ದುಡಿಯಲು ಹೋಗುವಾಗ ಇವರಿಗೆ ವಲಸೆ ಅನುಮತಿಯೂ ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಕಡ್ಡಾಯ. ಈ ವಿಮೆಗೆ ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲರಾದರೆ 10 ಲಕ್ಷ ರೂಪಾಯಿ. ಈ ಅನುಮತಿಯನ್ನು ತಪ್ಪಿಸಲು ವಿಸಿಟ್ ವೀಸಾ ಕೊಡಿಸುವವನು ನಿಮ್ಮ ಹಿತೈಷಿಯಲ್ಲ.

5. ಪಾಸ್‌ಪೋರ್ಟ್, ವೀಸಾ, ಕರಾರು, ರಸೀದಿ ಎಲ್ಲದರ ನಕಲು ಮನೆಯಲ್ಲೊಂದು, ಮೊಬೈಲಿನಲ್ಲೊಂದು ಇರಲಿ. ನಿಮ್ಮ ಪಾಸ್‌ಪೋರ್ಟ್ ಭಾರತ ಸರ್ಕಾರದ ಆಸ್ತಿ. ಅದನ್ನು ಕಿತ್ತಿಟ್ಟುಕೊಳ್ಳುವ ಹಕ್ಕು ಯಾವ ಮಾಲೀಕನಿಗೂ ಇಲ್ಲ.

ಮೋಸ ಆಗಿಹೋಗಿದೆಯೇ? ಬಾಯಿ ಮುಚ್ಚಿ ಕೂರಬೇಡಿ

ನಾಚಿಕೆಪಡಬೇಕಾದವರು ಮೋಸ ಮಾಡಿದವರು. ವಿದೇಶಾಂಗ ಸಚಿವಾಲಯದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ 1800 11 3090 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ. 'ಮದದ್' ಜಾಲತಾಣದಲ್ಲಿ ದೂರು ದಾಖಲಿಸಿ. ಹೊರದೇಶದಲ್ಲಿದ್ದರೆ ಭಾರತದ ರಾಯಭಾರ ಕಚೇರಿಗೆ ಹೋಗಿ. ಕಷ್ಟದಲ್ಲಿರುವವರಿಗೆ ಆಶ್ರಯ, ವಕೀಲರ ನೆರವು, ಊರಿಗೆ ಟಿಕೆಟ್ ಕೊಡಲು ಅಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ.

ಊರಿನಲ್ಲಿ ಪೊಲೀಸ್ ಠಾಣೆಗೆ ಹೋಗಿ. ನೋಂದಣಿ ಇಲ್ಲದೆ ವಿದೇಶದ ಕೆಲಸಕ್ಕೆ ಜನ ಸೇರಿಸುವುದು 1983ರ ವಲಸೆ ಕಾಯ್ದೆಯಡಿ ಅಪರಾಧ. ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು ಇದೆ. ವಲಸೆ ಕಾಯ್ದೆಯ ಮೊಕದ್ದಮೆಗೆ ಸಾಮಾನ್ಯವಾಗಿ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ಆದರೆ ಮೋಸಹೋದವರೇ ದೂರು ಕೊಟ್ಟರೆ ಅಥವಾ ಅವರ ಪರವಾಗಿ ಅಪ್ಪ, ಅಮ್ಮ, ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರು ದೂರು ಕೊಟ್ಟರೆ ಆ ಅನುಮತಿ ಬೇಕಿಲ್ಲ. ಈ ಹಕ್ಕನ್ನು ಬಳಸಿಕೊಳ್ಳಿ.

ಸರ್ಕಾರಗಳ ಮುಂದೆ ನಮ್ಮ ಬೇಡಿಕೆಗಳು

• ಅಕ್ರಮ ಏಜೆಂಟನಿಗೆ 1983ರ ಕಾಯ್ದೆ ಹೇಳುವ ದಂಡ ಹೆಚ್ಚೆಂದರೆ 2,000 ರೂಪಾಯಿ, ಜೈಲು ಹೆಚ್ಚೆಂದರೆ ಎರಡು ವರ್ಷ. ಲಕ್ಷಗಟ್ಟಲೆ ದೋಚುವವನಿಗೆ ಎರಡು ಸಾವಿರ ಯಾವ ಲೆಕ್ಕ? ಹೊಸ ಕಾಯ್ದೆಯ ಕರಡು 2021ರಲ್ಲಿ ಬಂತು, 2025ರಲ್ಲೂ ಬಂತು. ಕಠಿಣ ದಂಡ, ವಸೂಲಿ ಮಾಡಿದ ಹಣ ವಾಪಸು, ಈ ಎರಡೂ ಇರುವ ಕಾಯ್ದೆ ಬೇಗ ಬರಲಿ.

• ವಲಸೆ ಸಂರಕ್ಷಣಾಧಿಕಾರಿಯ ಕಚೇರಿ ಬೆಂಗಳೂರಿನಲ್ಲಿದೆ. ಮಂಗಳೂರು, ಕಾರವಾರ, ಕಲಬುರಗಿಯವರಿಗೆ ಅದು ದೂರ. ಜಿಲ್ಲೆಗೊಂದು ಸಹಾಯ ಕೇಂದ್ರ ಬೇಕು.

• ಕರಾರಿನ ಕನ್ನಡ ಪ್ರತಿ ಕಡ್ಡಾಯವಾಗಲಿ. ಓದಲಾಗದ ಕಾಗದಕ್ಕೆ ಸಹಿ ಹಾಕಿಸುವುದು ಅನ್ಯಾಯ.

• ಕೇರಳದಲ್ಲಿ ಸರ್ಕಾರಿ ಸಂಸ್ಥೆ ಒಡೆಪೆಕ್ 1977ರಿಂದ ವಿದೇಶಕ್ಕೆ ನೇಮಕಾತಿ ಮಾಡುತ್ತಿದೆ; ನೋರ್ಕಾ ರೂಟ್ಸ್ ಕೂಡ ನರ್ಸ್‌ಗಳನ್ನು ಕಳಿಸುತ್ತಿದೆ. ನಮ್ಮಲ್ಲೂ ಕೌಶಲ್ಯಾಭಿವೃದ್ಧಿ ನಿಗಮದಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ. ಅದಕ್ಕೆ ಸಿಬ್ಬಂದಿ, ಹಣ, ಜಿಲ್ಲಾ ಶಾಖೆ ಕೊಡಿ. ನರ್ಸಿಂಗ್ ಕಾಲೇಜು, ಐಟಿಐಗಳಲ್ಲಿ ಅಂತಿಮ ವರ್ಷದವರಿಗೆ ಈ ವಿಷಯದ ಪಾಠ ಕಡ್ಡಾಯ ಮಾಡಿ.

ಬಂಧುಗಳೇ, ಕೈಜೋಡಿಸಿ

ಮುಂದಿನ ಗ್ರಾಮಸಭೆಯಲ್ಲಿ ಈ ಬೇಡಿಕೆಗಳ ಮೇಲೆ ನಿರ್ಣಯ ಮಾಡಿಸಿ. ಶಾಸಕರಿಗೆ, ಸಂಸದರಿಗೆ ಪತ್ರ ಬರೆಯಿರಿ. ವಿದೇಶದಲ್ಲಿ ದುಡಿದು ಬಂದವರು ನಿಮ್ಮೂರಿನಲ್ಲಿದ್ದರೆ ಹೊರಡುವ ಹುಡುಗ ಹುಡುಗಿಯರನ್ನು ಕೂರಿಸಿಕೊಂಡು ಕಾಗದ ಓದಿ ಹೇಳಿ. ಯಾರಾದರೂ ಸ್ಪಾನ್ಸರ್‌ಶಿಪ್‌ಗೆ ದುಡ್ಡು ಕೇಳಿದರೆ ಅವರ ಹೆಸರು, ನಂಬರ್, ಮೆಸೇಜು ಉಳಿಸಿಕೊಂಡು ಅಂದೇ ದೂರು ಕೊಡಿ.

ನಿಮ್ಮ ಕೌಶಲ ಆ ದೇಶಕ್ಕೆ ಬೇಕು, ಆ ಮಾಲೀಕನಿಗೆ ಬೇಕು. ಬೇಕೆನ್ನುವವನೇ ಖರ್ಚು ಭರಿಸಲಿ. ಸ್ಪಾನ್ಸರ್‌ಶಿಪ್‌ಗೆ ನೀವು ಒಂದು ರೂಪಾಯಿಯನ್ನೂ ಕೊಡಬೇಡಿ, ಕೊಡಲು ಹೊರಟವರನ್ನೂ ತಡೆಯಿರಿ.