ದಂಟಿನ ಬಂಡಿಯ ಜೀರ್ಣೋದ್ಧಾರ

ಅಂಗಡಿಯಿಂದ ತಂದ ಆಟಿಕೆ ಮುರಿದರೆ ನಷ್ಟವಾಗುವುದು ಹಣ. ಮನೆಯಲ್ಲಿ ಮಾಡಿದ ಆಟಿಕೆ ಮುರಿದು ಮೂಲೆಗೆ ಬಿದ್ದರೆ ಅದರೊಡನೆ ಒಂದು ಕೈಗೆಲಸವೂ ಮರೆಯಾಗುವ ಭಯವುಂಟು. ಆದುದರಿಂದಲೇ ಹಳೆಯ ಆಟದ ಗಾಡಿಗಳನ್ನು ಹುಡುಕಿ ತೆಗೆದು ಮತ್ತೆ ಓಡಿಸುವವರ ಹವ್ಯಾಸವನ್ನು ಬರಿಯ ಹುಡುಗಾಟವೆಂದು ತಳ್ಳಿಹಾಕಲಾಗದು.

ಪಾಶ್ಚಾತ್ಯ ದೇಶಗಳಲ್ಲಿ ಈ ಹವ್ಯಾಸಿಗಳ ಮನಸ್ಸನ್ನು ಸೆಳೆದಿರುವ ವಸ್ತುಗಳಲ್ಲೊಂದು ವಿದ್ಯುತ್ತಿನಿಂದ ಓಡುವ ಪುಟ್ಟ ಪಂದ್ಯದ ಕಾರು. 1957ರಲ್ಲಿ ಇಂಗ್ಲೆಂಡಿನ ಫ್ರೆಡ್ ಫ್ರಾನ್ಸಿಸ್ ಎಂಬಾತನು ‘ಸ್ಕೇಲೆಕ್ಸ್‌ಟ್ರಿಕ್’ ಎಂಬ ಹೆಸರಿನಿಂದ ಇಂಥ ಕಾರುಗಳನ್ನು ಜನರ ಮುಂದಿಟ್ಟನು. ಹಾದಿಯಲ್ಲಿ ಉದ್ದಕ್ಕೂ ಒಂದು ಸೀಳು. ಅದರ ಎರಡು ಪಕ್ಕಗಳಲ್ಲಿ ಲೋಹದ ಪಟ್ಟಿ. ಕಾರಿನ ಅಡಿಯ ಗೂಟವು ಸೀಳಿನೊಳಗಿಳಿದು ದಾರಿ ತೋರುತ್ತದೆ. ಪಟ್ಟಿಗಳಿಂದ ಬಂದ ವಿದ್ಯುತ್ತು ಮೋಟಾರನ್ನು ತಿರುಗಿಸುತ್ತದೆ. 1960ರ ದಶಕದಲ್ಲಿ ಈ ಆಟದ ಹುಚ್ಚು ಹರಡಿದಾಗ, ಕೊಂಡ ಕಾರಿನಿಂದ ತೃಪ್ತರಾಗದವರು ಹಿತ್ತಾಳೆಯ ಕೊಳವೆಗಳನ್ನು ಬೆಸೆದು ಚೌಕಟ್ಟು ಕಟ್ಟಿದರು. ಹಗುರವಾದ ಬಾಲ್ಸಾ ಮರವನ್ನು ಕೆತ್ತಿ ಮೈ ಮಾಡಿದರು.

ಅಂಥ ಕಾರು ಇಂದು ಅಟ್ಟದಿಂದ ಇಳಿದು ಬಂದಾಗ ಗಾಲಿಯ ರಬ್ಬರು ಕಲ್ಲಾಗಿರುತ್ತದೆ, ಗ್ರೀಸು ಒಣಗಿ ಗಟ್ಟಿಯಾಗಿರುತ್ತದೆ, ಬೆಸುಗೆ ಬಿಟ್ಟಿರುತ್ತದೆ. ಬಲ್ಲವನು ಗ್ರೀಸನ್ನು ಒರೆಸಿ ಎಣ್ಣೆ ಬಿಡುತ್ತಾನೆ, ರಬ್ಬರನ್ನು ಬದಲಿಸುತ್ತಾನೆ, ಬಿಟ್ಟಲ್ಲಿ ಬೆಸೆಯುತ್ತಾನೆ. ಆದರೆ ಕುಂಚದಿಂದ ಸೊಟ್ಟಗೆ ಬರೆದ ಅಂಕಿಯನ್ನು ಮಾತ್ರ ಅಳಿಸುವುದಿಲ್ಲ. ಅದು ದೋಷವಲ್ಲ, ಮಾಡಿದವನ ರುಜು. ಓಟ ಮರಳಬೇಕು, ಕೈಯ ಗುರುತು ಉಳಿಯಬೇಕು—ಜೀರ್ಣೋದ್ಧಾರದ ಧರ್ಮ ಇಷ್ಟೆ.

ಈ ಧರ್ಮವನ್ನು ನಮ್ಮ ನಾಡಿನ ಮನೆಯಾಟಿಕೆಗೆ ಅನ್ವಯಿಸುವುದು ಹೇಗೆ? ಚಿಂಚೋಳಿ ತಾಲ್ಲೂಕಿನ ಐನಾಪುರ ಜೋಳ, ತೊಗರಿಗಳ ಸೀಮೆಯ ಊರು. ಜೋಳದ ಸೀಮೆಯ ಮಕ್ಕಳಿಗೆ ಸುಗ್ಗಿ ಮುಗಿದ ಹೊಲವೇ ಕಾರ್ಖಾನೆ. ಒಣಗಿದ ದಂಟಿನ ಸಿಪ್ಪೆಯನ್ನು ಹಲ್ಲಿನಿಂದ ಸೀಳಿದರೆ ಒಳಗೆ ಮೆತ್ತನೆಯ ಬೆಂಡು. ಬೆಂಡಿನ ತುಂಡುಗಳೇ ಬಂಡಿಯ ಮೂಕಿ, ನೊಗ, ಅಚ್ಚು. ಸಿಪ್ಪೆಯ ಸಿಬಿರುಗಳೇ ಮೊಳೆ. ಬಾಗಿಸಿ ಸುತ್ತಿದ ಸಿಪ್ಪೆಯೇ ಗಾಲಿ. ಅಂಟು ಬೇಡ, ಕಬ್ಬಿಣ ಬೇಡ, ಕಾಸೂ ಬೇಡ.

ಆದರೆ ಈ ಬಂಡಿ ಅರವತ್ತು ವರ್ಷ ಅಟ್ಟದಲ್ಲಿ ಕಾದು ಕುಳಿತಿರುವಂಥದಲ್ಲ. ಅದನ್ನು ಹುಳು ತಿನ್ನುತ್ತದೆ. ಹುಳು ಬಿಟ್ಟರೆ ಎಮ್ಮೆ ತಿನ್ನುತ್ತದೆ! ಹಳೆಯದನ್ನು ರಿಪೇರಿ ಮಾಡುವ ಮಾತೇ ಇಲ್ಲಿಲ್ಲ. ಹೊಸದಾಗಿ ಮಾಡುವುದೇ ಇದರ ಜೀರ್ಣೋದ್ಧಾರ. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳೂ ಹೀಗೆಯೆ: ವರ್ಷ ವರ್ಷವೂ ಕರಗಿ, ವರ್ಷ ವರ್ಷವೂ ಹುಟ್ಟುತ್ತವೆ. ಅವು ಉಳಿದಿರುವುದು ಪೆಟ್ಟಿಗೆಯಲ್ಲಲ್ಲ, ಬೆರಳುಗಳಲ್ಲಿ.

ಬೆರಳಿಗೆ ಕೆಲಸ ತಪ್ಪಿದರೆ? ಭಾರತದ ಮೊದಲ ಮಿಶ್ರತಳಿ ಜೋಳವಾದ ಸಿ.ಎಸ್.ಎಚ್.-1 ಹೊರಬಂದದ್ದು 1964ರಲ್ಲಿ. ಅದರ ಪೈರು ಕುಳ್ಳು. ಮೂಕಿಗೆ ಬೇಕಾದ ನೀಳವಾದ ಗೆಣ್ಣು ಅದರಲ್ಲಿ ದೊರೆಯುವುದು ಕಷ್ಟ. ಇತ್ತ ಗುಲ್ಬರ್ಗದ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ಬಂದಿತು. ರೈತನಿಗೆ ಒಳ್ಳೆಯದಾಯಿತು, ಸಂತೋಷ. ಆದರೆ ತೊಗರಿಕಟ್ಟಿಗೆ ಒಲೆಗೆ ಸೈ, ಬಂಡಿಗಲ್ಲ.

ಹಾಗೆಂದು ನಿರಾಶೆ ಬೇಕಿಲ್ಲ. ಹಿಂಗಾರಿ ಜೋಳದ ಎತ್ತರದ ದಂಟು ಈ ಸೀಮೆಯಿಂದ ಮಾಯವಾಗಿಲ್ಲ. ಬೇಕಾದದ್ದು ಕಲಿಸುವ ಕೈ ಮತ್ತು ಒಂದು ಸಂಜೆಯ ಬಿಡುವು. ಇಂಗ್ಲೆಂಡಿನ ಹವ್ಯಾಸಿಗೆ ಹಳೆಯ ಕಾರು ದೊರೆತರೆ, ಮಾಡಿದವನು ಸತ್ತಿದ್ದರೂ ಕೆಲಸ ಸಾಗುತ್ತದೆ. ದಂಟಿನ ಬಂಡಿಗೆ ಆ ಭಾಗ್ಯವಿಲ್ಲ. ಅದನ್ನು ಮಾಡಬಲ್ಲ ಮುತ್ಯಾ ಬದುಕಿರುವಾಗಲೇ ಮೊಮ್ಮಗ ಅವನ ಬಳಿ ಕುಳಿತುಕೊಳ್ಳಬೇಕು. ಮೊಮ್ಮಗ ಮಾಡಿದ ಮೊದಲ ಗಾಲಿ ಸೊಟ್ಟಗಾದೀತು. ಆಗಲಿ, ಅದು ಅವನ ರುಜು.