ಗೋಮಾಳವು ಪಾಳುಭೂಮಿಯಲ್ಲ

ಮುಂಗಾರಿನ ಮಳೆಗಳು ಹಿಂದೆ ಸರಿದು ಹಿಂಗಾರು ಇನ್ನೂ ನೆಲೆಗೊಳ್ಳದ ಸಂಧಿಕಾಲದಲ್ಲಿ ನಮ್ಮ ಬಯಲುಸೀಮೆಯ ಯಾವುದಾದರೊಂದು ಗೋಮಾಳವನ್ನು ಸಾವಧಾನವಾಗಿ ಸುತ್ತಿ ಬಂದವರಿಗೆ, ಬೋಳುನೆಲವೆಂದು ನಾವು ಹಳಿಯುವ ಆ ಪ್ರದೇಶವು ಎಷ್ಟು ಜೀವಗಳಿಗೆ ಆಶ್ರಯವಾಗಿದೆಯೆಂಬುದನ್ನು ಬೇರೆ ಯಾರೂ ಹೇಳಬೇಕಾಗುವುದಿಲ್ಲ. ಹುಲ್ಲಿನ ನಡುನಡುವೆ ತುಂಬೆಯ ಧವಳಕಾಂತಿ, ತಂಗಡಿಯ ಹೊಂಬಣ್ಣ, ಪುರುಷರತ್ನದ ನಸುಗೆಂಪು. ಅವುಗಳ ಮೇಲೆಲ್ಲ ಪಾತರಗಿತ್ತಿಗಳ ಸಂಚಾರ.

ಈ ಪಾತರಗಿತ್ತಿಗಳಿಗೂ ಸಸ್ಯಗಳಿಗೂ ಇರುವ ಬಾಂಧವ್ಯವು ಮಕರಂದದಲ್ಲಿಯೇ ಮುಗಿಯುವುದೆಂದು ಭಾವಿಸುವುದು ಸರಿಯಲ್ಲ. ಚಿಟ್ಟೆಯು ಹಲವು ಹೂಗಳ ಮಧುವನ್ನು ಹೀರಬಲ್ಲುದು. ಅದರ ಕಂಬಳಿಹುಳುವಾದರೋ ತನ್ನ ಕುಲಕ್ಕೆ ವಿಹಿತವಾದ ಕೆಲವೇ ಗಿಡಗಳ ಎಲೆಯನ್ನಲ್ಲದೆ ಬೇರೆಯದನ್ನು ಮುಟ್ಟದು. ಕಿತ್ತಳೆವರ್ಣದ ಪ್ಲೇನ್ ಟೈಗರ್ ಚಿಟ್ಟೆಯು ಎಕ್ಕದಂತಹ ಹಾಲುಗಿಡಗಳ ಮೇಲೆ ಮೊಟ್ಟೆಯಿಡುವುದು. ಮರಿಯು ಆ ಎಲೆಯ ವಿಷವನ್ನು ದೇಹದಲ್ಲಿ ಸಂಗ್ರಹಿಸಿಕೊಳ್ಳುವುದರಿಂದ, ಅದು ಚಿಟ್ಟೆಯಾದ ಮೇಲೆಯೂ ಹಕ್ಕಿಗಳು ಅದನ್ನು ತಿನ್ನಲು ಹಿಂಜರಿಯುವುವು. ಡ್ಯಾನಾಯ್ಡ್ ಎಗ್‌ಫ್ಲೈ ಎಂಬ ಮತ್ತೊಂದು ಜಾತಿಯ ಹೆಣ್ಣು, ತಾನು ನಿರ್ವಿಷವಾಗಿದ್ದರೂ, ಈ ವಿಷಧಾರಿಯ ವೇಷವನ್ನೇ ತೊಟ್ಟು ಪ್ರಾಣವನ್ನು ಕಾಪಾಡಿಕೊಳ್ಳುತ್ತದೆ. ಅದು ಮೊಟ್ಟೆಯಿಡುವುದಾದರೋ ನೆಲಕ್ಕಂಟಿ ಹಬ್ಬುವ ಗೋಣಿಸೊಪ್ಪಿನ ಮೇಲೆ. ಎಕ್ಕವನ್ನು ಕಡಿದಲ್ಲಿ, ಅದನ್ನು ಅವಲಂಬಿಸಿದ ಚಿಟ್ಟೆಯ ಜೊತೆಗೆ, ಎಕ್ಕದೆಲೆಯನ್ನು ಎಂದೂ ತಿನ್ನದ ಈ ವೇಷಧಾರಿಯ ರಕ್ಷಣೆಯೂ ಕುಂದುವುದು. ಸೃಷ್ಟಿಯ ಇಂತಹ ಸೂಕ್ಷ್ಮ ಹೆಣಿಗೆಯನ್ನು ನೆನೆದಾಗ, ಕಳೆಯೆಂಬ ಒಂದೇ ತಿರಸ್ಕಾರದ ಮಾತಿನಿಂದ ಈ ಗಿಡಗಳನ್ನೆಲ್ಲ ಅಳಿಸಿಹಾಕುವ ನಮ್ಮ ಆತುರವು ನನಗೆ ಅತ್ಯಂತ ಖೇದಕರವಾಗಿ ತೋರುತ್ತದೆ.

ದನಕರುಗಳ ಮಿತವಾದ ಮೇಯುವಿಕೆಯು ಈ ಹೆಣಿಗೆಗೆ ಶತ್ರುವಲ್ಲ. ಹುಲ್ಲು ಅತಿಯಾಗಿ ಬೆಳೆಯದಂತೆ ಮಾಡಿ ಸಣ್ಣ ಗಿಡಗಳಿಗೆ ಬಿಸಿಲನ್ನು ದೊರಕಿಸುವ ಉಪಕಾರವೂ ಅದರಿಂದುಂಟು. 1966ರ ಭೂಕಂದಾಯ ನಿಯಮಗಳು ನೂರು ಜಾನುವಾರುಗಳಿಗೆ 12 ಹೆಕ್ಟೇರಿನಂತೆ ಮೇವಿನ ನೆಲವನ್ನು ಕಾದಿರಿಸಬೇಕೆಂದು ವಿಧಿಸಿವೆ. ಈ ವಿಧಿಯನ್ನು ಪ್ರಾಮಾಣಿಕವಾಗಿ ಪಾಲಿಸಿದರೆ ದನಕ್ಕೆ ಮೇವೂ ಚಿಟ್ಟೆಗೆ ನೆಲೆಯೂ ಏಕಕಾಲದಲ್ಲಿ ಉಳಿಯುವುವು. ಒತ್ತುವರಿಯ ಹಾನಿಯನ್ನು ಎಲ್ಲರೂ ಬಲ್ಲರು. ಆದರೆ ಹಸುರೀಕರಣವೆಂಬ ಪುಣ್ಯಕಾರ್ಯದ ಹೆಸರಿನಲ್ಲಿ ಹುಲ್ಲುಗಾವಲನ್ನು ಅಗೆದು ನೀಲಗಿರಿಯನ್ನೂ ಅಕೇಶಿಯವನ್ನೂ ಸಾಲುಸಾಲಾಗಿ ನೆಡುವುದರಿಂದ ಆಗುವ ಹಾನಿಯನ್ನು, ಅದು ಹಸುರಾಗಿ ಕಾಣುವ ಕಾರಣದಿಂದಲೇ, ಬಹುಮಂದಿ ಹಾನಿಯೆಂದು ಎಣಿಸುವುದಿಲ್ಲ. ಬಿಸಿಲನ್ನು ಬಯಸುವ ತುಂಬೆಯು ಆ ನೆರಳಿನಲ್ಲಿ ಬಾಳಲಾರದು. ಬಯಲು ಬಯಲಾಗಿರುವುದೇ ಅದರ ಸಮೃದ್ಧಿ. ಅಲ್ಲಿ ಮರ ನೆಡುವ ಯೋಜನೆಗಳನ್ನು ಸರ್ಕಾರವು ಕೈಬಿಡತಕ್ಕದ್ದು.

ಗ್ರಾಮಸ್ಥರಲ್ಲಿಯೂ ನನ್ನದೊಂದು ಪ್ರಾರ್ಥನೆಯುಂಟು: ನಿಮ್ಮೂರ ಗೋಮಾಳದ ಒಂದು ಅಂಚನ್ನಾದರೂ, ಹೂವು ಕಾಯಾಗಿ, ಕಾಯಿ ಬಲಿತು ಬೀಜವು ನೆಲಕ್ಕೆ ಬೀಳುವ ತನಕ ಸುಡದೆ, ಸವರದೆ, ಕಳೆನಾಶಕವನ್ನು ಸಿಂಪಡಿಸದೆ ಬಿಡುವ ನಿರ್ಣಯವನ್ನು ಮುಂದಿನ ಗ್ರಾಮಸಭೆಯಲ್ಲಿಯೇ ಕೈಗೊಳ್ಳಿರಿ.